ಇಎಲ್ ಪರದೆಯಲ್ಲಿ ಪಲ್ಸ್ ಉದ್ದ ಮಾಡಿದರೆ ಬೆಳಕು ಹೆಚ್ಚುತ್ತದೆಯೇ?

ಪ್ರಶ್ನೆ: ಹಳೆಯ ಹಳದಿ ಇಎಲ್ (ಎಲೆಕ್ಟ್ರೋಲ್ಯೂಮಿನೆಸೆಂಟ್, ವೋಲ್ಟೇಜ್ ಕೊಟ್ಟರೆ ತೆಳುಪದರವೇ ಹೊಳೆಯುವ) ಪ್ಯಾನೆಲ್‌ನಲ್ಲಿ ಚುಕ್ಕಿ ಹೊತ್ತುತ್ತದೆ, ಆರುತ್ತದೆ, ನಡುವಿನ ಮಸುಕು ಬರುತ್ತಿಲ್ಲ. ಎಲ್‌ಇಡಿಗೆ ಮಾಡುವಂತೆ ಪಲ್ಸ್ ಅಗಲ (ವೋಲ್ಟೇಜ್ ಹಿಡಿದಿಡುವ ಹೊತ್ತು) ಬದಲಿಸಿದರೆ ಸಾಕಲ್ಲವೇ?

ಸಾಲದು. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಎಲ್‌ಇಡಿ ಕರೆಂಟ್ ಹರಿಯುವ ಡಯೋಡ್, ಇದು ಚಾರ್ಜ್ ಕೂಡಿಡುವ ಕೆಪಾಸಿಟರ್. 1974ರಲ್ಲಿ ಶಾರ್ಪ್‌ನ ಇನೊಗುಚಿ ತಂಡ ತೋರಿಸಿದ ರಚನೆಯೇ ನಿಮ್ಮ ಕೈಯಲ್ಲಿರುವುದು: ಮ್ಯಾಂಗನೀಸ್ ಬೆರೆಸಿದ ಜಿಂಕ್ ಸಲ್ಫೈಡ್‌ನ ತೆಳುಪದರ, ಎರಡೂ ಬದಿಗೆ ಇನ್ಸುಲೇಟರ್. ಕರೆಂಟ್ ಆರಪಾರ ಹರಿಯಲು ದಾರಿಯೇ ಇಲ್ಲ.

ಸುಮಾರು 200 ವೋಲ್ಟ್ ಬಿದ್ದಾಗ ಒಂದಂಚಿನಲ್ಲಿ ಸಿಕ್ಕಿಕೊಂಡಿದ್ದ ಎಲೆಕ್ಟ್ರಾನುಗಳು ಕಿತ್ತುಕೊಂಡು ಓಡಿ, ದಾರಿಯಲ್ಲಿ ಮ್ಯಾಂಗನೀಸ್‌ಗೆ ಗುದ್ದಿ ಬೆಳಕು ಹೊರಡಿಸಿ, ಎದುರಂಚಿನಲ್ಲಿ ಗುಡ್ಡೆಯಾಗುತ್ತವೆ. ಆ ಗುಡ್ಡೆಯೇ ಒಳಗಿನ ಫೀಲ್ಡನ್ನು (ಎಲೆಕ್ಟ್ರಾನುಗಳನ್ನು ಎಳೆಯುವ ಬಲವನ್ನು) ತಗ್ಗಿಸುತ್ತದೆ. ಓಟ ಅಲ್ಲಿಗೆ ಮುಗಿಯಿತು. ಪಲ್ಸನ್ನು ಒಂದು ಸೆಕೆಂಡ್ ಹಿಡಿದರೂ ಇನ್ನು ಬೆಳಕಿಲ್ಲ. ಇಬ್ಬರು ಎಳೆಯುವ ಗರಗಸ ನೋಡಿದ್ದೀರಲ್ಲ? ಈಚೆ ಎಳೆದು ಹಿಡಿದು ನಿಂತರೆ ಮರ ಕುಯ್ಯುವುದಿಲ್ಲ, ಆಚೆಯವನೂ ಎಳೆಯಬೇಕು. ಇಲ್ಲೂ ವಿರುದ್ಧ ಧ್ರುವದ ಪಲ್ಸ್ ಬಂದರೆ ಮಾತ್ರ ಮುಂದಿನ ಮಿಂಚು.

"ಪಲ್ಸ್ ಗಿಡ್ಡ ಮಾಡಿದೆ, ಮಂಕಾಯಿತಲ್ಲ!" ಎನ್ನುವವರಿದ್ದಾರೆ. ಆಗಿರುತ್ತದೆ. ಚುಕ್ಕಿಗೆ ವೋಲ್ಟೇಜ್ ತರುವ ಪಾರದರ್ಶಕ ಕಾಲಂ (ಲಂಬಸಾಲು) ತಂತಿಯ ರೆಸಿಸ್ಟೆನ್ಸ್ ದಾಟಿ ಚುಕ್ಕಿ ಪೂರ್ತಿ ಚಾರ್ಜ್ ಆಗುವ ಮೊದಲೇ ಕೈಬಿಟ್ಟಿದ್ದೀರಿ. ಡ್ರೈವರ್ (ಪಲ್ಸ್ ಕೊಡುವ ಚಿಪ್) ಹತ್ತಿರದ ಚುಕ್ಕಿಯನ್ನೂ ದೂರದ್ದನ್ನೂ ಹೋಲಿಸಿ ನೋಡಿ, ಒಂದೇ ಗ್ರೇ (ನಡುವಿನ ಮಸುಕು) ಎರಡು ಬಗೆಯಾಗಿ ಕಾಣುತ್ತದೆ.

ಹಾಗಾದರೆ ಕೆಲವು ಫ್ರೇಮ್ (ಇಡೀ ಪರದೆಯನ್ನು ಒಮ್ಮೆ ಬರೆಯುವ ಸುತ್ತು) ಬಿಡೋಣ ಎಂದು ನಾಲ್ಕರಲ್ಲಿ ಒಂದನೆಯದು, ಮೂರನೆಯದು ಹೊತ್ತಿಸುತ್ತಾರೆ. ಫ್ರೇಮ್‌ಗೊಮ್ಮೆ ಧ್ರುವ ಬದಲಾಗುವ ಪ್ಯಾನೆಲ್‌ನಲ್ಲಿ ಆ ಎರಡೂ ಪ್ಲಸ್ಸೇ! ಎರಡನೆಯ ಪ್ಲಸ್‌ಗೆ ಹಿಂದಿನ ಗುಡ್ಡೆಯೇ ಅಡ್ಡ. ಅರ್ಧ ಬೆಳಕೂ ಸಿಗದು, ಮೇಲೆ ಒಂದೇ ದಿಕ್ಕಿನ ವೋಲ್ಟೇಜ್ (ಡಿಸಿ) ಉಳಿದು ಚಿತ್ರದ ಅಚ್ಚು ಶಾಶ್ವತವಾಗಿ ಕೂರುತ್ತದೆ. ಪ್ಲಸ್-ಮೈನಸ್ ಜೋಡಿಯಾಗಿಯೇ ಬಿಡಬೇಕು: ಒಂದು, ಎರಡು ಹೊತ್ತಲಿ, ಮೂರು, ನಾಲ್ಕು ಆರಲಿ. 60 ಹರ್ಟ್ಸ್‌ನಲ್ಲಿ ಇದು 15 ಹರ್ಟ್ಸ್ ಮಿಣುಕು, ಆದ್ದರಿಂದ ಪಕ್ಕದ ಚುಕ್ಕಿಗಳ ಸರದಿಯನ್ನು ಹಿಂದುಮುಂದು ಮಾಡಿ.

ಕಾಲಂ ವೋಲ್ಟೇಜ್ ಬದಲಿಸುವುದು ಇನ್ನೊಂದು ದಾರಿ. 200ರಲ್ಲಿ ಕಾಲಂನ ಪಾಲು 40 ವೋಲ್ಟ್ ಎನ್ನಿ, 16 ಹಂತ ಬೇಕೆಂದರೆ ಹಂತಕ್ಕೆ ಮೂರಕ್ಕಿಂತ ಕಡಿಮೆ. ಪದರದ ದಪ್ಪ ಶೇ. 1ರಷ್ಟು ಹೆಚ್ಚುಕಮ್ಮಿಯಾದರೆ 200ರಲ್ಲಿ 2 ವೋಲ್ಟ್ ಹೋಯಿತು, ಅಂದರೆ ಹತ್ತಿರಹತ್ತಿರ ಒಂದು ಹಂತ.

ಇಷ್ಟು ಕಷ್ಟಪಟ್ಟು ತಂದ ಕೆಳಗಿನ ಗ್ರೇಗಳನ್ನು ಕೋಣೆಯ ಟ್ಯೂಬ್‌ಲೈಟ್ ತಿಂದುಹಾಕುತ್ತದೆ. ಅದನ್ನು ಯಾರೂ ಕೇಳುವುದಿಲ್ಲ! ಪ್ಯಾನೆಲ್‌ನ ಹಿಂಬದಿಯ ಅಲ್ಯೂಮಿನಿಯಂ ಪಟ್ಟಿಗಳು ಅಪ್ಪಟ ಕನ್ನಡಿ. ಮುಂದೆ ಸರ್ಕ್ಯುಲರ್ ಪೋಲರೈಸರ್ (ಪೋಲರೈಸರ್ ಹಾಳೆಗೆ ಕ್ವಾರ್ಟರ್-ವೇವ್ ಪದರ ಸೇರಿಸಿದ ಫಿಲ್ಟರ್) ಹಾಕಿ. ಪ್ಯಾನೆಲ್‌ನ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೂ ನುಂಗುತ್ತದೆ, ಆದರೆ ಕನ್ನಡಿಗೆ ಬಡಿದು ಮರಳುವ ಬೆಳಕು ಬಹುಪಾಲು ಅಲ್ಲೇ ಸಾಯುತ್ತದೆ. ಕ್ವಾರ್ಟರ್-ವೇವ್ ಪದರ ಪ್ಯಾನೆಲ್ ಕಡೆಗಿರಬೇಕು. ತಿರುಗಿಸಿ ಅಂಟಿಸಿದರೆ ಪರದೆಗೆ ಕೂಲಿಂಗ್ ಗ್ಲಾಸ್ ತೊಡಿಸಿದಂತೆ, ಅಷ್ಟೇ.