ಸೊಂಟನೋವು: ಸ್ಕ್ಯಾನಿಂಗ್ ಚಿತ್ರದಲ್ಲಿ ಕಾಣದ ಅರ್ಧ ಕತೆ

ಶಿರಸಿ, ಸಿದ್ದಾಪುರದಲ್ಲಿ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರಿಗೂ ಕಾರವಾರ, ಅಂಕೋಲೆಯಲ್ಲಿ ಮೀನಿನ ಬುಟ್ಟಿ ಹೊತ್ತು ಮಾರುವವರಿಗೂ ಸೊಂಟನೋವು ಹೊಸದಲ್ಲ. ಹೆಚ್ಚಿನದು ಆರು ವಾರದೊಳಗೆ ಇಳಿಯುತ್ತದೆ. ಮೂರು ತಿಂಗಳು ದಾಟಿಯೂ ಉಳಿದರೆ ಅದು ದೀರ್ಘಕಾಲದ ನೋವು. ಆಗ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಎಂಆರ್‌ಐ ಮಾಡಿಸುತ್ತಾರೆ. 'ಗ್ಯಾಪ್ ಬಂದಿದೆ, ಭಾರ ಎತ್ತಬೇಡ' ಎಂಬ ಮಾತು ಹೊತ್ತು ಮರಳುತ್ತಾರೆ. ಎಷ್ಟೋ ಸಲ ನೋವಿಗಿಂತ ಹೆಚ್ಚು ಕಾಲ ಕಾಡುವುದು ಈ ಮಾತೇ.

ಇದರ ಬೇರು 1934ರಲ್ಲಿದೆ. ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಕಾಲಿಗೆ ಇಳಿಯುವ ನೋವಿಗೆ ಹರಿದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಕಾರಣವೆಂದು ತೋರಿಸಿದರು. ಅದು ಸರಿಯಾದ ಶೋಧವೇ. ಆದರೆ ಮುಂದೆ ಎಲ್ಲ ಸೊಂಟನೋವಿಗೂ ಡಿಸ್ಕನ್ನೇ ಹೊಣೆ ಮಾಡಿದ್ದಾಯಿತು, ಮದ್ದಾಗಿ ವಾರಗಟ್ಟಲೆ ಹಾಸಿಗೆ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ತಂಡ ಹೊಸ ನೋವಿನ ರೋಗಿಗಳಲ್ಲಿ ಎರಡು ದಿನದ ವಿಶ್ರಾಂತಿಯನ್ನು ಏಳು ದಿನದ್ದರೊಂದಿಗೆ ಹೋಲಿಸಿತು. ಹೆಚ್ಚು ಮಲಗಿದವರಿಗೆ ಲಾಭವೇನೂ ಆಗಲಿಲ್ಲ, ಕೆಲಸ ಮಾತ್ರ ಹೆಚ್ಚು ದಿನ ತಪ್ಪಿತು. 1994ರಲ್ಲಿ ನೋವೇ ಇಲ್ಲದ 98 ಜನರ ಎಂಆರ್‌ಐ ನೋಡಿದಾಗ ಎಲ್ಲ ಡಿಸ್ಕ್‌ಗಳೂ ಸರಿಯಿದ್ದವರು ಶೇ. 36 ಮಾತ್ರ.

ಹಾಗಾದರೆ ಚಿತ್ರ ಒಂದೇ ಥರ ಇರುವ ಇಬ್ಬರಲ್ಲಿ ಒಬ್ಬರು ತೋಟಕ್ಕೆ ಮರಳಿ, ಇನ್ನೊಬ್ಬರು ವರ್ಷಗಟ್ಟಲೆ ಮನೆಯಲ್ಲಿ ಉಳಿಯುವುದೇಕೆ? ನೋವಿನ ಸಂಕೇತ ಮಿದುಳಿಗೆ ಹೋಗುವ ದಾರಿಯಲ್ಲೇ ಹಿಗ್ಗಬಹುದು, ಕುಗ್ಗಬಹುದು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. 1987ರಲ್ಲಿ ಸ್ಕಾಟ್ಲೆಂಡಿನ ಮೂಳೆತಜ್ಞ ಗಾರ್ಡನ್ ವಾಡೆಲ್ ಇದನ್ನು ಸೊಂಟಕ್ಕೆ ಅನ್ವಯಿಸಿ, ದೇಹದ ಜೊತೆಗೆ ಮನಸ್ಸು ಮತ್ತು ಸುತ್ತಲಿನ ಬದುಕನ್ನೂ ಲೆಕ್ಕಕ್ಕೆ ತಂದರು. ನೋವು ಸುಳ್ಳು ಎಂದು ಇದರರ್ಥವಲ್ಲ. ಹಾಗೆ ಹೇಳುವವರು ರೋಗಿಗೆ ಅನ್ಯಾಯ ಮಾಡುತ್ತಾರೆ.

1997ರಲ್ಲಿ ನ್ಯೂಜಿಲೆಂಡ್ 'ಹಳದಿ ಬಾವುಟ' ಎಂಬ ಪಟ್ಟಿ ಹೊರತಂದಿತು. ಬಗ್ಗಿದರೆ ಬೆನ್ನು ಮುರಿದೀತೆಂಬ ಭಯ, ಕುಗ್ಗಿದ ಮನಸ್ಸು, ಜನರಿಂದ ದೂರ ಸರಿಯುವುದು, ಕೆಲಸದ ಬಗ್ಗೆ ಅತೃಪ್ತಿ, ಕಡ್ಡಿಯನ್ನೂ ಎತ್ತಗೊಡದ ಮನೆಯವರ ಕಾಳಜಿ: ನೋವು ಬೇರು ಬಿಡುವ ಸೂಚನೆಗಳಿವು. ನಮ್ಮಲ್ಲಿ ಇದಕ್ಕೆ ಇನ್ನೂ ಕೆಲವು ಸೇರಬೇಕು. ದಿನಗೂಲಿಯವರಿಗೆ ಸಂಬಳದ ರಜೆಯಿಲ್ಲ. ಕೊಟ್ಟಿಗೆ ಕೆಲಸ ಒಬ್ಬಳ ಮೇಲೇ ಬಿದ್ದಿದ್ದರೆ 'ವಿಶ್ರಾಂತಿ ತಗೊಳ್ಳಿ' ಎಂಬ ಸಲಹೆ ಕಾಗದದಲ್ಲೇ ಉಳಿಯುತ್ತದೆ. ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ, 'ಮನೆಯಲ್ಲಿ ಯಾರ್ಯಾರು ಏನೇನು ಕೆಲಸ ಮಾಡುತ್ತೀರಿ?'

ಹೆಚ್ಚಿನವರು ಎಡವುವುದು ಒಂದೇ ಕಡೆ. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವೆಲ್ಲ ಮುಗಿಸುತ್ತಾರೆ, ಮರುದಿನ ಏಳಲಾಗದೆ ಮೂರು ದಿನ ಮಲಗುತ್ತಾರೆ. ಹೀಗೆ ನಾಲ್ಕು ಸಲವಾದರೆ ಕೆಲಸವೇ ಶತ್ರು ಎಂದು ಮನಸ್ಸು ಕಲಿತುಬಿಡುತ್ತದೆ. ಕೆಲಸವನ್ನು ನೋವಿನಿಂದ ಅಳೆಯದೆ ಗಡಿಯಾರದಿಂದ ಅಳೆಯಿರಿ. ಸುಲಿಯಲು ಕೂತು ಅರ್ಧ ಗಂಟೆಗೆ ನೋವು ಏರುವುದಾದರೆ ಇಪ್ಪತ್ತು ನಿಮಿಷಕ್ಕೇ ಎದ್ದು ಐದು ನಿಮಿಷ ಅಂಗಳದಲ್ಲಿ ಓಡಾಡಬೇಕು. ಚೆನ್ನಾಗಿದ್ದ ದಿನವೂ ಇಪ್ಪತ್ತೇ, ಕೆಟ್ಟ ದಿನವೂ ಸಾಧ್ಯವಾದಷ್ಟು ಇಪ್ಪತ್ತೇ. ವಾರಕ್ಕೊಮ್ಮೆ ಎರಡು ಮೂರು ನಿಮಿಷ ಹೆಚ್ಚಿಸಿ. ಬಗ್ಗುವ ಭಯವಿದ್ದವರು ಮೊದಲು ಖಾಲಿ ಬುಟ್ಟಿ ಎತ್ತಲಿ, ಭಯ ಇಳಿದ ಮೇಲೆ ಒಂದೆರಡು ಕಿಲೊ ಹಾಕಲಿ. ಮಾಡುವಾಗ ತುಸು ನೋವು ಬಂದರೆ ಡಿಸ್ಕ್ ಹರಿಯಿತೆಂದಲ್ಲ. ಮನೆಯವರು ಬುಟ್ಟಿ ಕಸಿದುಕೊಳ್ಳುವ ಬದಲು ಕೊಟ್ಟಿಗೆ ಕೆಲಸದಲ್ಲಿ ಪಾಲು ತೆಗೆದುಕೊಳ್ಳಲಿ. ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಸರವಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಅದಕ್ಕೂ ಚಿಕಿತ್ಸೆಯಿದೆ.

ಈ ಯಾವ ಮಾತೂ ಅನ್ವಯಿಸದ ಕೆಲವು ಲಕ್ಷಣಗಳಿವೆ. ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಕಾಲಿನ ಬಲ ಕುಂದುತ್ತ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಆಗಿದ್ದರೆ ತಡಮಾಡದೆ ತೋರಿಸಿ. ಎಂಆರ್‌ಐ ನಿಜವಾಗಿ ಬೇಕಾಗುವುದು ಇಂಥವರಿಗೆ.