ಕೈಗಾರಿಕಾ ನೀತಿ: ಸಚಿವರ ಕೈಯಲ್ಲಿ ನಿಜಕ್ಕೂ ಏನಿರುತ್ತದೆ?

1991ರಲ್ಲಿ ಕೈಗಾರಿಕಾ ಸಚಿವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮನಮೋಹನ್ ಸಿಂಗ್ ಅಂದುಬಿಡುತ್ತೇವೆ. ನಾನೂ ಒಂದು ಮಾಕ್ ಟೆಸ್ಟ್‌ನಲ್ಲಿ ಹಾಗೇ ಟಿಕ್ ಹಾಕಿ ಅಂಕ ಕಳೆದುಕೊಂಡೆ. ಅವರು ಹಣಕಾಸು ಸಚಿವರು. ಕೈಗಾರಿಕಾ ಖಾತೆ ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರ ಹತ್ತಿರವೇ ಇತ್ತು. ಹೊಸ ಕೈಗಾರಿಕಾ ನೀತಿಯನ್ನು ಸಂಸತ್ತಿನಲ್ಲಿ ಮಂಡಿಸಿದ್ದು ರಾಜ್ಯ ಸಚಿವ ಪಿ.ಜೆ. ಕುರಿಯನ್. ದಿನ ಜುಲೈ 24. ಕೆಲವೇ ಗಂಟೆ ಬಿಟ್ಟು, ಸಂಜೆ, ಮನಮೋಹನ್ ಸಿಂಗ್ ಬಜೆಟ್ ಓದಿದರು. ಎಲ್ಲರಿಗೂ ನೆನಪಿರುವುದು ಬಜೆಟ್ ಭಾಷಣ.

ಆ ತಪ್ಪಿನ ಮೇಲೆ ಈ ಪಾಠವನ್ನು ಬೇರೆ ಥರ ಓದಿದೆ. ಪ್ರತಿ ನೀತಿಗೂ ಎರಡು ಪ್ರಶ್ನೆ ಹಾಕಿಕೊಂಡೆ: ಖಾತೆ ಯಾರದು? ಅವರ ಕೈಯಲ್ಲಿದ್ದ ಅಸ್ತ್ರ ಯಾವುದು, ಬರೀ ಹೇಳಿಕೆಯೋ, ಕಾಯ್ದೆಯೋ, ಅಧಿಸೂಚನೆಯೋ? ಎರಡನೆಯದು ಗೊತ್ತಾದರೆ ಅರ್ಧ ಪಾಠ ಮುಗಿದಂತೆ.

ಮೊದಲು ಸಂವಿಧಾನ

ಕೈಗಾರಿಕೆ ಮೂಲತಃ ರಾಜ್ಯ ಪಟ್ಟಿಯ ವಿಷಯ, 24ನೇ ನಮೂದು. ಆದರೆ ಕೇಂದ್ರ ಪಟ್ಟಿಯ 52ನೇ ನಮೂದು ಅದಕ್ಕೊಂದು ಬಾಗಿಲು ತೆರೆದಿಟ್ಟಿದೆ. ಸಾರ್ವಜನಿಕ ಹಿತಕ್ಕಾಗಿ ಒಂದು ಕೈಗಾರಿಕೆ ಕೇಂದ್ರದ ಹಿಡಿತದಲ್ಲಿರಬೇಕು ಅಂತ ಸಂಸತ್ತು ಕಾನೂನಿನ ಮೂಲಕ ಘೋಷಿಸಿದರೆ ಅದು ಕೇಂದ್ರಕ್ಕೆ ಹೋಗುತ್ತದೆ. ಆ ಘೋಷಣೆ ಇರುವುದು 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ. ದೆಹಲಿಯ ಕೈಗಾರಿಕಾ ಸಚಿವರ ನಿಜವಾದ ಬಲ ಇಲ್ಲಿಂದಲೇ ಬರುತ್ತದೆ. ಈ ಗಡಿಯ ಜಗಳ ಇನ್ನೂ ಮುಗಿದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಕೈಗಾರಿಕಾ ಆಲ್ಕೋಹಾಲ್ ಮೇಲಿನ ಅಧಿಕಾರ ರಾಜ್ಯಗಳದ್ದು ಅಂತ 8-1ರಲ್ಲಿ ತೀರ್ಪು ಕೊಟ್ಟಿತು. ಇದು ಕೇಳಬಹುದಾದ ಪ್ರಶ್ನೆ, ಗುರುತು ಹಾಕಿಕೊಳ್ಳಿ.

1948 ಮತ್ತು 1956

ಸ್ವತಂತ್ರ ಭಾರತದ ಮೊದಲ ಕೈಗಾರಿಕಾ ಸಚಿವರು ಶ್ಯಾಮ ಪ್ರಸಾದ್ ಮುಖರ್ಜಿ. ಮುಂದೆ ಜನಸಂಘ ಕಟ್ಟಿದವರು ನೆಹರೂ ಸಂಪುಟದಲ್ಲಿದ್ದರು ಅನ್ನುವುದೇ ಕೆಲವರಿಗೆ ಆಶ್ಚರ್ಯ. 1948ರ ಏಪ್ರಿಲ್ 6ರ ನಿರ್ಣಯ ಅವರ ಕಾಲದ್ದು. ಶಸ್ತ್ರಾಸ್ತ್ರ, ಅಣುಶಕ್ತಿ, ರೈಲ್ವೆ ಪೂರ್ತಿ ಕೇಂದ್ರ ಸರ್ಕಾರದ್ದು. ಕಲ್ಲಿದ್ದಲು, ಉಕ್ಕು, ವಿಮಾನ, ಹಡಗು, ಟೆಲಿಫೋನ್ ಉಪಕರಣ, ಖನಿಜ ತೈಲ: ಈ ಆರರಲ್ಲಿ ಹೊಸ ಕಾರ್ಖಾನೆ ಹಾಕುವುದು ಸರ್ಕಾರವೇ. ಆಗಲೇ ಇದ್ದ ಖಾಸಗಿ ಘಟಕಗಳಿಗೆ ಹತ್ತು ವರ್ಷದ ಅಭಯ.

ಆದರೆ ನಿರ್ಣಯ ಅಂದರೆ ಕಾನೂನಲ್ಲ. ಅದನ್ನು ಮೀರಿದವರನ್ನು ಕೋರ್ಟಿಗೆ ಎಳೆಯಲು ಆಗುವುದಿಲ್ಲ. ಅದಕ್ಕೆ ಹಲ್ಲು ಬಂದದ್ದು ಹರೇಕೃಷ್ಣ ಮಹತಾಬ್ ಸಚಿವರಾಗಿದ್ದಾಗ, 1951ರ ಕಾಯ್ದೆಯಿಂದ. ಹೊಸ ಕಾರ್ಖಾನೆಗೆ ಲೈಸೆನ್ಸ್, ದೊಡ್ಡದು ಮಾಡಲು ಲೈಸೆನ್ಸ್, 1953ರ ತಿದ್ದುಪಡಿಯ ಮೇಲೆ ಹೊಸ ವಸ್ತು ತಯಾರಿಸಲೂ ಲೈಸೆನ್ಸ್.

1956ರ ಏಪ್ರಿಲ್ 30ರ ನಿರ್ಣಯ ಬಂದಾಗ ಟಿ.ಟಿ. ಕೃಷ್ಣಮಾಚಾರಿ ಸಚಿವರು. ಆದರೂ ಅದರ ಮೇಲಿರುವ ಮುದ್ರೆ ನೆಹರೂ ಮತ್ತು ಎರಡನೇ ಪಂಚವಾರ್ಷಿಕ ಯೋಜನೆಯದು. ಸರ್ಕಾರಕ್ಕೇ ಮೀಸಲಾದ ‘ಎ’ ಪಟ್ಟಿಯಲ್ಲಿ 17 ಕೈಗಾರಿಕೆ, ಸರ್ಕಾರದ ಜೊತೆ ಖಾಸಗಿಯವರಿಗೂ ಜಾಗವಿದ್ದ ‘ಬಿ’ ಪಟ್ಟಿಯಲ್ಲಿ 12. ಸುಮ್ನೆ ಬಾಯಿಪಾಠ ಮಾಡಬೇಡಿ, ಬೆಂಗಳೂರನ್ನು ನೆನೆಸಿಕೊಳ್ಳಿ. ವಿಮಾನ ‘ಎ’ ಪಟ್ಟಿ, ಅಂದರೆ ಎಚ್‌ಎಎಲ್. ಟೆಲಿಫೋನ್ ಕೂಡ ‘ಎ’, ಅಂದರೆ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್). ಮೆಷಿನ್ ಟೂಲ್ ‘ಬಿ’, ಅಂದರೆ ಎಚ್‌ಎಂಟಿ. ನಾನು ಇಟ್ಟುಕೊಂಡ ಜ್ಞಾಪಕ ಸೂತ್ರ ಇಷ್ಟೇ.

ಮಂಗಳೂರಿನವರ 1977

ಈ ಪಾಠದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಜಾರ್ಜ್ ಫರ್ನಾಂಡಿಸ್ ಅವರದು. ಹುಟ್ಟಿದ್ದು ಮಂಗಳೂರಿನಲ್ಲಿ, ಗೆದ್ದದ್ದು ಬಿಹಾರದ ಮುಜಫ್ಫರ್‌ಪುರದಿಂದ, ಅದೂ ಜೈಲಿನಲ್ಲಿದ್ದುಕೊಂಡೇ. ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿ 1977ರ ಡಿಸೆಂಬರ್ 23ರಂದು ನೀತಿ ಹೇಳಿಕೆ ಮಂಡಿಸಿದರು. ಸಣ್ಣ ಕೈಗಾರಿಕೆಗೇ ಮೀಸಲಾದ ವಸ್ತುಗಳು 180ರಿಂದ 504ಕ್ಕೆ ಏರಿದವು. ಉದ್ಯಮ ಶುರು ಮಾಡುವವನು ಹತ್ತು ಕಚೇರಿ ಸುತ್ತದೆ ಜಿಲ್ಲೆಯಲ್ಲೇ ಒಂದು ಕಡೆ ಕೆಲಸ ಮುಗಿಸಿಕೊಳ್ಳಲಿ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಬಂದವು. ಸಾಲ, ಸಬ್ಸಿಡಿ ಅಂತ ಈಗಲೂ ನಾವು ಹೋಗುವ ‘ಡಿಐಸಿ’ ಇದೇ.

ಕೋಕಾ ಕೋಲಾ ಕತೆ ಎಲ್ಲರಿಗೂ ಗೊತ್ತು: ಫರ್ನಾಂಡಿಸ್ ಓಡಿಸಿದರು. ಪೂರ್ತಿ ಸುಳ್ಳಲ್ಲ, ಆದರೆ ಅಸ್ತ್ರ ಅವರದಲ್ಲ. ವಿದೇಶಿ ಪಾಲು 40 ಶೇಕಡಕ್ಕೆ ಇಳಿಯಬೇಕು ಅನ್ನುವ ನಿಯಮ ಬಂದದ್ದು 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾದಿಂದ. ಇಂದಿರಾ ಗಾಂಧಿ ಸರ್ಕಾರದ ಕಾನೂನು ಅದು. ಕಂಪನಿಯ ಜೊತೆ ರಾಜಿಗೆ ಫರ್ನಾಂಡಿಸ್ ಒಪ್ಪಲಿಲ್ಲ, ಅಷ್ಟೇ. ಕೋಕಾ ಕೋಲಾ 1977ರಲ್ಲಿ ಹೊರಟಿತು, ಮರುವರ್ಷ ಕಂಪ್ಯೂಟರ್ ಕಂಪನಿ ಐಬಿಎಂ. ಬದಲಿಗೆ ಸರ್ಕಾರವೇ ‘ಡಬಲ್ ಸೆವೆನ್’ ಅನ್ನುವ ಪಾನೀಯ ತಂದಿತು. ಅದರ ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಬಹಳ ದಿನ ಉಳಿಯಲಿಲ್ಲ ಬಿಡಿ. ಹೆಸರು ಇಡಲು ಸರ್ಕಾರಕ್ಕೆ ಇಸವಿಯೇ ಸಾಕಾಯಿತು ನೋಡಿ!

ಒಂದು ಹೇಳಿಕೆ ಸತ್ತಿತು, ಇನ್ನೊಂದು ಬದುಕಿತು

1990ರ ಮೇ 31ರಂದು, ವಿ.ಪಿ. ಸಿಂಗ್ ಸರ್ಕಾರದ ಕೈಗಾರಿಕಾ ಸಚಿವ ಅಜಿತ್ ಸಿಂಗ್ ಒಂದು ನೀತಿ ಪ್ರಕಟಿಸಿದರು. ಲೈಸೆನ್ಸ್ ಸಡಿಲಿಸುವ ಮಾತು ಅದರಲ್ಲೂ ಇತ್ತು. ಜಾರಿಗೆ ಬರಲೇ ಇಲ್ಲ. ನವೆಂಬರ್‌ನಲ್ಲಿ ಸರ್ಕಾರವೇ ಬಿತ್ತು. ಸಚಿವರ ಹೇಳಿಕೆಗೆ ಸಂಪುಟದ ಮತ್ತು ಪ್ರಧಾನಿಯ ಬೆಂಬಲ ಗಟ್ಟಿಯಾಗಿಲ್ಲದಿದ್ದರೆ ಅದು ಕಾಗದವಾಗಿಯೇ ಉಳಿಯುತ್ತದೆ.

1991ರಲ್ಲಿ ಪ್ರಧಾನಿಯೇ ಕೈಗಾರಿಕಾ ಸಚಿವರು. ರಾವ್ ಅವರದೂ ಅಲ್ಪಮತದ ಸರ್ಕಾರವೇ. ಆದರೆ ಕಡತ ಇನ್ನೊಬ್ಬ ಸಚಿವರ ಮೇಜಿನ ಮೇಲೆ ಕೂರುವ ಭಯ ಇರಲಿಲ್ಲ. ಪಕ್ಷದೊಳಗಿನ ಮುನಿಸು ತಣಿಸಲು ನೆಹರೂ, ಇಂದಿರಾ, ರಾಜೀವ್ ಅವರನ್ನು ನೆನೆಯುವ ಪೀಠಿಕೆಯೊಂದನ್ನು ಸೇರಿಸಿದರು. ಒಳಗಿನ ಮಾತು ಮಾತ್ರ ಬೇರೆ: 18 ಕೈಗಾರಿಕೆ ಬಿಟ್ಟು ಉಳಿದ ಎಲ್ಲಕ್ಕೂ ಲೈಸೆನ್ಸ್ ಬೇಡ. ಆ 18ರಲ್ಲಿ ಕಾರು, ಸಕ್ಕರೆ, ಸಿಗರೇಟು ಇದ್ದವು ಅನ್ನುವುದನ್ನು ಮರೆಯಬೇಡಿ. ಸರ್ಕಾರಕ್ಕೇ ಮೀಸಲಿದ್ದ 17 ಕ್ಷೇತ್ರ 8ಕ್ಕೆ ಇಳಿಯಿತು.

ಈಗ ಅಸ್ತ್ರದ ಪ್ರಶ್ನೆ. 40 ವರ್ಷದ ಲೈಸೆನ್ಸ್ ವ್ಯವಸ್ಥೆ ತೆಗೆಯಲು ಹೊಸ ಕಾಯ್ದೆ ಬೇಕಲ್ವಾ? ಬೇಕಾಗಲಿಲ್ಲ. 1951ರ ಕಾಯ್ದೆಯ 29ಬಿ ಸೆಕ್ಷನ್ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಟ್ಟಿದೆ. ಮರುದಿನವೇ, ಜುಲೈ 25ರಂದು, ಅದರಡಿ ಅಧಿಸೂಚನೆ ಹೊರಟಿತು. ಯಾವ ಕಾಯ್ದೆ ಕಟ್ಟಿಹಾಕಿತ್ತೋ ಅದೇ ಕಾಯ್ದೆಯ ಬೀಗದಕೈಯಿಂದ ಬಿಚ್ಚಿದರು. ದೊಡ್ಡ ಕಂಪನಿಗಳ ಮೇಲೆ ಎಂಆರ್‌ಟಿಪಿ, ಅಂದರೆ ಏಕಸ್ವಾಮ್ಯ ತಡೆಯುವ ಕಾಯ್ದೆ ಹಾಕಿದ್ದ ಮಿತಿ ತೆಗೆಯಲು ಮಾತ್ರ ಇಂಥ ದಾರಿ ಇರಲಿಲ್ಲ. ಅದಕ್ಕೆ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬೇಕಾಯಿತು. ‘ನೀತಿ’ ಮತ್ತು ‘ಕಾನೂನು’ ನಡುವಿನ ವ್ಯತ್ಯಾಸ ಕೇಳಿದರೆ ಈ ಎರಡು ಉದಾಹರಣೆ ಪಕ್ಕಪಕ್ಕ ಬರೆಯಿರಿ.

ಅಂದಹಾಗೆ, ಫರ್ನಾಂಡಿಸ್ ಹಿಗ್ಗಿಸಿದ ಸಣ್ಣ ಕೈಗಾರಿಕೆಯ ಆ ಪಟ್ಟಿ? ಅದು ಒಂದೇ ಏಟಿಗೆ ಹೋಗಲಿಲ್ಲ. ಸರ್ಕಾರಗಳು, ಸಚಿವರು ಬದಲಾಗುತ್ತ ಹೋದಂತೆ ಸ್ವಲ್ಪಸ್ವಲ್ಪವೇ ಕರಗಿತು. ಕೊನೆಗೆ 20 ವಸ್ತು ಉಳಿದವು: ಉಪ್ಪಿನಕಾಯಿ, ಬ್ರೆಡ್, ಅಗರಬತ್ತಿ, ಬೆಂಕಿಕಡ್ಡಿ, ಗಾಜಿನ ಬಳೆ, ಮೇಣದ ಬತ್ತಿ ಇಂಥವು. 2015ರ ಏಪ್ರಿಲ್‌ನಲ್ಲಿ ಅವನ್ನೂ ತೆಗೆದರು. ಅದೂ ಒಂದು ಅಧಿಸೂಚನೆಯಿಂದ, ಅದೇ 29ಬಿ ಅಡಿಯಲ್ಲಿ.