ಸೂಕ್ಷ್ಮದರ್ಶಕವನ್ನು ಬದಿಗಿಟ್ಟು ಅನಿಶ್ಚಿತತೆಯ ಪಾಠ

ಪ್ಲಸ್ ಟು ತರಗತಿಯಲ್ಲಿ ಕಣವೊಂದರ ಸ್ಥಾನವನ್ನೂ ಸಂವೇಗವನ್ನೂ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ಒಟ್ಟಿಗೆ ಬೇಕಾದಷ್ಟು ನಿಖರವಾಗಿ ಹೇಳಲಾಗದು ಎಂಬ ಅನಿಶ್ಚಿತತಾ ತತ್ವವನ್ನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: “ಮಾಷ್ಟ್ರೇ, ಇನ್ನೂ ಒಳ್ಳೆಯ ಉಪಕರಣ ಬಂದರೆ ಸರಿಯಾಗಿ ಅಳೆಯಬಹುದಲ್ಲವೇ?” ಕಾಸರಗೋಡಿನ ಈ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಬಿದ್ದವರು. ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ಗಳಿಸುವುದು ಅವರಿಗೆ ದೊಡ್ಡ ಮಾತಲ್ಲ. ಆದರೂ ಕೇಳುತ್ತಾರೆ, ಕೇಳಬೇಕಾದದ್ದನ್ನೇ ಕೇಳುತ್ತಾರೆ. ಆ ಸಂಶಯವನ್ನು ಅವರ ತಲೆಯಲ್ಲಿ ಬಿತ್ತಿದವರು ನಾವು, ಅಧ್ಯಾಪಕರೇ.

ಏಕೆಂದರೆ ನಾವು ಮೊದಲು ಹೇಳುವುದು ಸೂಕ್ಷ್ಮದರ್ಶಕದ ಕಥೆ. ಎಲೆಕ್ಟ್ರಾನನ್ನು ನೋಡಬೇಕಾದರೆ ಅದರ ಮೇಲೆ ಬೆಳಕು ಬೀಳಬೇಕು. ಸ್ಥಾನ ನಿಖರವಾಗಿ ತಿಳಿಯಲು ತರಂಗಾಂತರ ಕಿರಿದಾಗಿರಬೇಕು, ಅಂದರೆ ಗಾಮಾ ಕಿರಣ ಬೇಕು. ಅದು ಬಡಿದ ಹೊಡೆತಕ್ಕೆ ಎಲೆಕ್ಟ್ರಾನಿನ ಸಂವೇಗ ಕೆಟ್ಟುಹೋಗುತ್ತದೆ. ಈ ತತ್ವವನ್ನು ಮಂಡಿಸಿದ 1927ರ ಲೇಖನದಲ್ಲಿ ಜರ್ಮನ್ ಭೌತವಿಜ್ಞಾನಿ ವರ್ನರ್ ಹೈಸೆನ್‌ಬರ್ಗ್ ಕೊಟ್ಟ ಉದಾಹರಣೆಯಿದು. ಕೇಳಿದ ಹುಡುಗನಿಗೆ ಅರ್ಥವಾಗುವುದು ಇಷ್ಟು: ಎಲೆಕ್ಟ್ರಾನಿಗೆ ನಿಖರವಾದ ಸ್ಥಾನವೂ ವೇಗವೂ ಇವೆ, ನಮ್ಮ ಒರಟು ಕೈ ತಾಗಿ ಒಂದು ಹಾಳಾಗುತ್ತದೆ. ಹಾಗಾದರೆ ಮೆತ್ತನೆಯ ಕೈಯನ್ನು ಅವನು ಕೇಳದಿರುತ್ತಾನೆಯೇ?

ಆ ಸೂಕ್ಷ್ಮದರ್ಶಕಕ್ಕೆ ತಮಾಷೆಯ ಹಿನ್ನೆಲೆಯೂ ಇದೆ. 1923ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಮೌಖಿಕ ಪರೀಕ್ಷೆಗೆ ಕುಳಿತ ಹೈಸೆನ್‌ಬರ್ಗ್‌ಗೆ ಪರೀಕ್ಷಕ ವಿಲ್ಹೆಲ್ಮ್ ವೀನ್ ಸೂಕ್ಷ್ಮದರ್ಶಕದ ಪೃಥಕ್ಕರಣ ಸಾಮರ್ಥ್ಯದ, ಅಂದರೆ ಹತ್ತಿರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸುವ ಶಕ್ತಿಯ, ಬಗ್ಗೆ ಕೇಳಿದರು. ಉತ್ತರ ಬರಲಿಲ್ಲ, ಪಾಸಾದದ್ದೇ ದೊಡ್ಡದು. ನಾಲ್ಕು ವರ್ಷದ ನಂತರ ಅವರು ಎಡವಿದ್ದೂ ಅಲ್ಲಿಯೇ. ಹೊಡೆತದ ಲೆಕ್ಕವನ್ನು ಹಾಕಿ ಕಳೆಯಬಹುದಲ್ಲ, ಚದುರಿದ ಬೆಳಕು ಮಸೂರದ ಯಾವ ಮೂಲೆಯಿಂದ ಒಳಬಂದಿತೆಂದು ತಿಳಿಯದಿರುವುದೇ ನಿಜವಾದ ತೊಡಕು ಎಂದು ನೀಲ್ಸ್ ಬೋರ್ ತೋರಿಸಿದರು. ಹೈಸೆನ್‌ಬರ್ಗ್ ಅದನ್ನು ಒಪ್ಪಿ ಲೇಖನದ ಕೊನೆಗೆ ಟಿಪ್ಪಣಿ ಸೇರಿಸಿದರು. ಅದೇ ವರ್ಷ ಭೌತವಿಜ್ಞಾನಿ ಅರ್ಲ್ ಕೆನ್ನಾರ್ಡ್, ಸೂಕ್ಷ್ಮದರ್ಶಕದ ಮಾತೇ ಎತ್ತದೆ, ಬರಿಯ ತರಂಗಫಲನದಿಂದಲೇ (ಕಣವನ್ನು ವರ್ಣಿಸುವ ಅಲೆ, ಮುಂದೆ ಹೇಳುತ್ತೇನೆ) ಅಸಮತೆಯನ್ನು ಸಾಧಿಸಿದರು: ಸ್ಥಾನದ ಹರವನ್ನು ಸಂವೇಗದ ಹರವಿನಿಂದ ಗುಣಿಸಿದರೆ ಪ್ಲಾಂಕ್ ಸ್ಥಿರಾಂಕ ಎಂಬ ಅತಿ ಸಣ್ಣ ಸ್ಥಿರ ಸಂಖ್ಯೆಯನ್ನು 4 ಪೈಯಿಂದ ಭಾಗಿಸಿದ್ದಕ್ಕಿಂತ ಕಡಿಮೆಯಾಗದು. ಪಾಠ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ಹಠ.

ಕುಂಬಳೆ ಸೀಮೆಯ ಮಕ್ಕಳಿಗೆ ಯಕ್ಷಗಾನದ ಶ್ರುತಿ ಪೆಟ್ಟಿಗೆಯನ್ನು ಪರಿಚಯಿಸಬೇಕಾಗಿಲ್ಲ. ಹಾಡುಗಾರರಾದ ಭಾಗವತರು ಕಪ್ಪು ಒಂದರಲ್ಲಿ ಹಾಡುತ್ತಾರೋ ಬಿಳಿ ಎರಡರಲ್ಲೋ (ಹಾರ್ಮೋನಿಯಂ ಕೀಲಿಗಳ ಲೆಕ್ಕದ ಶ್ರುತಿಗಳಿವು) ಎಂದು ಕಿವಿಯಿಂದಲೇ ಹೇಳುವವರು ತರಗತಿಯಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. ಮಧ್ಯ ಸಪ್ತಕದಲ್ಲಿ ಕಪ್ಪು ಒಂದು ಸುಮಾರು 277 ಹರ್ಟ್ಸ್, ಬಿಳಿ ಎರಡು ಸುಮಾರು 294. ಈಗ ಆ ಸ್ವರವನ್ನು ಸೆಕೆಂಡಿನ ನೂರರಲ್ಲಿ ಒಂದು ಭಾಗ ಮಾತ್ರ ಕೇಳಿಸಿದರೆ? ಅಷ್ಟರಲ್ಲಿ ಎರಡರಲ್ಲಿ ಯಾವುದೂ ಮೂರು ಕಂಪನವನ್ನೂ ಪೂರೈಸಿರುವುದಿಲ್ಲ. ಕೇಳುವುದು ಟಕ್ ಎಂಬ ಸದ್ದು, ಅದರ ಆವೃತ್ತಿಯ ಹರವು ಸುಮಾರು 100 ಹರ್ಟ್ಸ್. ಕಪ್ಪೋ ಬಿಳಿಯೋ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. ಇದು ಕಿವಿಯ ದೋಷವಲ್ಲ, ಮೈಕಿನದೂ ಅಲ್ಲ. ಗಳಿಗೆ ಖಚಿತವಾಗಿರುವ ಸದ್ದಿಗೆ ಶ್ರುತಿ ಖಚಿತವಾಗಿರಲಾರದು.

ಇಲ್ಲಿಂದ ಎಲೆಕ್ಟ್ರಾನಿಗೆ ಹೋಗಲು ಒಂದೇ ಹೆಜ್ಜೆ, ಅದನ್ನು 1924ರಲ್ಲಿ ಲೂಯಿ ಡಿ ಬ್ರಾಯ್ ಇಟ್ಟಾಗಿದೆ: ಸಂವೇಗವೆಂದರೆ ಪ್ಲಾಂಕ್ ಸ್ಥಿರಾಂಕವನ್ನು ತರಂಗಾಂತರದಿಂದ ಭಾಗಿಸಿದ್ದು. ಒಂದೇ ತರಂಗಾಂತರದ ಅಲೆ ಉದ್ದಕ್ಕೂ ಹರಡಿಕೊಂಡಿರುತ್ತದೆ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದು. ಒಂದು ಕಡೆ ಕೂಡಿಸಬೇಕಾದರೆ ಬೇರೆ ಬೇರೆ ತರಂಗಾಂತರದ ಅಲೆಗಳನ್ನು ಬೆರೆಸಬೇಕು, ಬೆರೆಸಿದೊಡನೆ ಸಂವೇಗ ಒಂದಾಗಿ ಉಳಿಯುವುದಿಲ್ಲ. ಈ ಅಲೆಯನ್ನೇ ತರಂಗಫಲನ ಎನ್ನುತ್ತೇವೆ. ಅದು ನೀರಿನ ಅಲೆಯಂತೆ ಯಾವ ವಸ್ತುವಿನ ಏರಿಳಿತವೂ ಅಲ್ಲ. ಅದರ ಪರಿಮಾಣದ ವರ್ಗ ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಎಂಬುದರ ಸಂಭವನೀಯತೆಯನ್ನು ಕೊಡುತ್ತದೆ. ಮ್ಯಾಕ್ಸ್ ಬಾರ್ನ್ 1926ರಲ್ಲಿ ಹೇಳಿದ ಮಾತಿದು. ವರ್ಗ ಎಂಬುದು ಆ ಲೇಖನದಲ್ಲಿ ಬಂದದ್ದು ಅಡಿಟಿಪ್ಪಣಿಯಲ್ಲಿ! ನೊಬೆಲ್ ಬಂದದ್ದು 1954ರಲ್ಲಿ.

ಕಣ್ಣಾರೆ ನೋಡಲು ಎರಡು ಶೇವಿಂಗ್ ಬ್ಲೇಡು, ಒಂದು ಕೆಂಪು ಲೇಸರ್ ಪಾಯಿಂಟರ್ ಸಾಕು. ಬ್ಲೇಡುಗಳ ಅಂಚು ಎದುರುಬದುರಾಗಿ ರಟ್ಟಿಗೆ ಅಂಟಿಸಿ, ನಡುವಿನ ಸೀಳಿನಲ್ಲಿ ಬೆಳಕು ಹಾಯಿಸಿ ಮೂರು ಮೀಟರ್ ದೂರದ ಗೋಡೆಯನ್ನು ನೋಡಬೇಕು. ಲೇಸರ್ ಯಾರ ಕಣ್ಣಿಗೂ ಬೀಳಬಾರದು. ಸೀಳು 0.2 ಮಿಲಿಮೀಟರ್ ಇದ್ದಾಗ ನಡುವಿನ ಬೆಳಕಿನ ಪಟ್ಟಿ ಸುಮಾರು 2 ಸೆಂಟಿಮೀಟರ್ ಅಗಲ. ಸೀಳನ್ನು ಅರ್ಧಕ್ಕೆ ಇಳಿಸಿದರೆ ಪಟ್ಟಿ ಕಿರಿದಾಗಬೇಕೆಂದು ಇಡೀ ತರಗತಿ ಕಾಯುತ್ತದೆ. ಅದು 4 ಸೆಂಟಿಮೀಟರಿಗೆ ಹಿಗ್ಗುತ್ತದೆ. ಬೆಳಕಿನ ಕಣವಾದ ಫೋಟಾನ್ ಹಾಯುವ ಜಾಗವನ್ನು ಬಿಗಿ ಮಾಡಿದಷ್ಟೂ ಅದರ ಅಡ್ಡ ಸಂವೇಗ ಸಡಿಲವಾಗುತ್ತದೆ. ಗೋಡೆಯ ಮೇಲಿರುವುದು ಕೆನ್ನಾರ್ಡರ ಅಸಮತೆಯ ನೆಂಟನೇ.

ಹಾಗೆಂದು ಅಳತೆಯಿಂದ ಕದಡುವಿಕೆ ಆಗುವುದೇ ಇಲ್ಲವೆಂದಲ್ಲ. ಅದು ಬೇರೆಯೇ ಪ್ರಶ್ನೆ. 2003ರಲ್ಲಿ ಮಸನಾವೊ ಒಜಾವಾ ಅದಕ್ಕೆ ಬೇರೆ ಅಸಮತೆ ಕೊಟ್ಟರು, 2012ರಲ್ಲಿ ವಿಯೆನ್ನಾದಲ್ಲಿ ನ್ಯೂಟ್ರಾನುಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಅಳತೆಯ ದೋಷವನ್ನು ಹೇಗೆ ವ್ಯಾಖ್ಯಾನಿಸಬೇಕೆಂಬ ಚರ್ಚೆ ಆಮೇಲೂ ನಡೆದಿದೆ. ಅದರಿಂದ ಕೆನ್ನಾರ್ಡರ ಅಸಮತೆಗೆ ಕೂದಲೂ ಕೊಂಕಿಲ್ಲ.

ಇನ್ನು “ಜಗತ್ತಿನಲ್ಲಿ ಎಲ್ಲವೂ ಅನಿಶ್ಚಿತ, ವಿಜ್ಞಾನವೇ ಹೇಳಿದೆ” ಎಂದು ಸಭೆಗಳಲ್ಲಿ ಭಾಷಣ ಬಿಗಿಯುವವರು ಒಂದು ಲೆಕ್ಕ ಹಾಕಲಿ. ಹತ್ತು ಗ್ರಾಂ ತೂಗುವ ಅಡಿಕೆಯೊಂದರ ಸ್ಥಾನ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ನಿಖರವಾಗಿ ಗೊತ್ತಿದೆ ಎನ್ನೋಣ. ತತ್ವ ಒತ್ತಾಯಿಸುವ ಕನಿಷ್ಠ ವೇಗದಲ್ಲಿ ಅದು ವಿಶ್ವದ ಇಡೀ ವಯಸ್ಸು, 1380 ಕೋಟಿ ವರ್ಷ, ಸರಿದರೂ ದಾಟುವ ದೂರ ಎರಡು ನ್ಯಾನೊಮೀಟರ್ ಚಿಲ್ಲರೆ. ಎಲೆಕ್ಟ್ರಾನನ್ನು ಪರಮಾಣುವಿನಷ್ಟು ಜಾಗದಲ್ಲಿ, ಮೀಟರಿನ ಸಾವಿರ ಕೋಟಿಯ ಒಂದು ಭಾಗದಲ್ಲಿ, ಕೂಡಿಹಾಕಿದರೆ ಮಾತ್ರ ವೇಗದ ಹರವು ಸೆಕೆಂಡಿಗೆ 500 ಕಿಲೋಮೀಟರ್ ದಾಟುತ್ತದೆ. ಎಲೆಕ್ಟ್ರಾನ್ ಬೀಜಕೇಂದ್ರಕ್ಕೆ ಕುಸಿದು ಬೀಳದಿರುವುದಕ್ಕೂ ಕಾರಣ ಇದೇ: ಒಳಗೆ ಒತ್ತಿದಷ್ಟೂ ಚಲನಶಕ್ತಿ ಏರುತ್ತದೆ, ಆಕರ್ಷಣೆಯಿಂದ ಬರುವ ಲಾಭಕ್ಕಿಂತ ಆ ಖರ್ಚು ಹೆಚ್ಚಾಗುತ್ತದೆ. ಎರಡೂ ಸೇರಿ ಒಟ್ಟು ಶಕ್ತಿ ಅತ್ಯಂತ ಕಡಿಮೆಯಾಗುವ ತ್ರಿಜ್ಯ ಲೆಕ್ಕ ಹಾಕಿದರೆ ಹೈಡ್ರೋಜನ್ನಿಗೆ 0.53 ಆಂಗ್‌ಸ್ಟ್ರಾಮ್ (ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಅದೇ ಸಾವಿರ ಕೋಟಿಯ ಒಂದು ಭಾಗ) ಬರುತ್ತದೆ. ಪ್ಲಸ್ ಟು ಗಣಿತದ ಅವಕಲನ ಇದಕ್ಕೆ ಸಾಕು.

ಉಪಕರಣದ ಪ್ರಶ್ನೆ ಇಷ್ಟಾದರೂ ಹೋಗದಿದ್ದರೆ ಹೀಲಿಯಂ ಕಥೆ ಹೇಳುತ್ತೇನೆ. ಸಾಮಾನ್ಯ ಒತ್ತಡದಲ್ಲಿ ಅದನ್ನು ಎಷ್ಟೇ ತಣಿಸಿದರೂ, ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ಒಯ್ದರೂ, ದ್ರವವಾಗಿಯೇ ಉಳಿಯುತ್ತದೆ. ಪರಮಾಣುಗಳು ಹಗುರ, ಪರಸ್ಪರ ಸೆಳೆತ ದುರ್ಬಲ. ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಹೊರಟರೆ ಹುಟ್ಟುವ ಚಲನೆಯೇ ಸೆಳೆತವನ್ನು ಮೀರುತ್ತದೆ. ಅಲ್ಲಿ ಯಾರೂ ಸೂಕ್ಷ್ಮದರ್ಶಕ ಹಿಡಿದು ನಿಂತಿಲ್ಲ, ಗಾಮಾ ಕಿರಣವೂ ಬಿದ್ದಿಲ್ಲ. ಅದನ್ನು ಗಟ್ಟಿ ಮಾಡಲು ಸುಮಾರು 25 ವಾಯುಮಂಡಲದಷ್ಟು ಒತ್ತಡ ಹಾಕಬೇಕಾಗುತ್ತದೆ.